ಹಳೆಯ ಲೇತು ಕೊಳ್ಳುವ ಮುನ್ನ ಅದು ಕಬ್ಬಿಣ ಕಡೆಯುವುದನ್ನು ನೋಡಿರಿ

ಕೊಯ್ಲಿನ ದಿನಗಳು ಹತ್ತಿರವಾಗುತ್ತಿದ್ದಂತೆ ನಮ್ಮ ಬೆಳೆಗಾರರ ನಡುವೆ ಒಂದು ಮಾತು ಪ್ರತಿವರ್ಷವೂ ಏಳುತ್ತದೆ. ಪಲ್ಪರಿನ ಬುಶ್ ಸವೆದಿದೆ, ಪಂಪಿನ ಶಾಫ್ಟು ತಿಂದುಹೋಗಿದೆ, ಅಡಿಕೆ ಸುಲಿಯುವ ಯಂತ್ರದ ರೋಲರು ಅಲುಗುತ್ತಿದೆ. ಪಟ್ಟಣದ ವರ್ಕ್‌ಶಾಪಿಗೆ ಒಯ್ದರೆ ಅಲ್ಲಿ ಇಂಥವೇ ಹತ್ತು ಕೆಲಸ ಸಾಲಿನಲ್ಲಿ ಕಾದಿರುತ್ತವೆ. ಅರ್ಧ ಗಂಟೆಯ ಕಡೆತಕ್ಕೆ ಎರಡು ದಿನದ ಓಡಾಟ. ಅಷ್ಟು ಹೊತ್ತು ಕೊಯ್ದ ಕಾಫಿ ಹಣ್ಣು ಕಾಯುವುದಿಲ್ಲ. ಅದೇ ದಿನ ಪಲ್ಪ್ ಮಾಡದೆ ಬಿಟ್ಟರೆ ರಾಶಿಯಲ್ಲೇ ಬಿಸಿಯೇರಿ ಹುಳಿಯತೊಡಗುತ್ತದೆ, ಗುಣಮಟ್ಟ ಕೆಡುತ್ತದೆ. ಹೀಗಿರುವಾಗ “ನಾಲ್ಕೈದು ಮಂದಿ ಸೇರಿ ನಾವೇ ಒಂದು ಹಳೆಯ ಲೇತು ಹಾಕಿಕೊಂಡರೆ ಹೇಗೆ?” ಎಂಬ ಯೋಚನೆ ಬರುವುದು ಸಹಜವೇ ಆಗಿದೆ.

ಯೋಚನೆ ಕೆಟ್ಟದ್ದೇನೂ ಅಲ್ಲ. ಗಣಕ ನಿಯಂತ್ರಿತ ಯಂತ್ರಗಳು ಬಂದ ಮೇಲೆ ಪಟ್ಟಣದ ಅನೇಕ ಕಾರ್ಖಾನೆಗಳು ಕೈಯಿಂದ ನಡೆಸುವ ಲೇತುಗಳನ್ನು ಕೈಬಿಡುತ್ತಿವೆ. ಹರಾಜಿನಲ್ಲಿ, ಮುಚ್ಚಿದ ವರ್ಕ್‌ಶಾಪುಗಳಲ್ಲಿ, ಹಳೆಯ ಯಂತ್ರಗಳ ವ್ಯಾಪಾರಿಗಳಲ್ಲಿ ಅವು ದೊರೆಯುತ್ತವೆ. ಅವುಗಳಲ್ಲಿ ಇನ್ನೂ ಒಂದು ತಲೆಮಾರು ದುಡಿಯಬಲ್ಲವೂ ಇವೆ, ಗುಜರಿಗೆ ಹೋಗಬೇಕಾದವೂ ಇವೆ. ಎರಡಕ್ಕೂ ಒಂದೇ ಹಸಿರು ಬಣ್ಣ ಬಳಿದಿರುತ್ತದೆ ಎಂಬುದೇ ತೊಡಕು. ಸಣ್ಣ ಬೆಳೆಗಾರರು ವರ್ಷವಿಡೀ ಉಳಿಸಿದ ಹಣವನ್ನು ಒಟ್ಟುಗೂಡಿಸಿ ಎರಡನೆಯ ಜಾತಿಯ ಯಂತ್ರವನ್ನು ತಂದಿಟ್ಟರೆ, ಹೋಗುವುದು ಹಣ ಮಾತ್ರವಲ್ಲ. ಸೇರಿ ಮಾಡುವ ಕೆಲಸದ ಮೇಲಿನ ನಂಬಿಕೆಯೂ ಹೋಗುತ್ತದೆ. ಮುಂದೆ ಯಾರಾದರೂ ಒಳ್ಳೆಯ ಪ್ರಸ್ತಾಪ ತಂದರೂ “ಆ ಲೇತಿನ ಹಾಗೆ ಆದೀತು” ಎಂಬ ಒಂದೇ ಮಾತಿನಿಂದ ಅದು ಬಿದ್ದುಹೋಗುತ್ತದೆ.

ಈ ವಿಷಯದಲ್ಲಿ ಎರಡು ಬಗೆಯ ಸಲಹೆಗಳು ನಮ್ಮ ಕಿವಿಗೆ ಬೀಳುತ್ತವೆ. ಲೇತಿನ ಜೀವವೇ ಅದರ ಬೆಡ್ಡು, ಬೆಡ್ಡು ಸವೆದ ಲೇತನ್ನು ಮುಟ್ಟಲೇಬಾರದು ಎಂದು ಪಟ್ಟಣದ ಅನುಭವಸ್ಥರು ಹೇಳುತ್ತಾರೆ. ನಮ್ಮದು ಒರಟು ಕೆಲಸ, ತಿರುಗುವ ಯಂತ್ರ ಯಾವುದಾದರೇನು ಎಂದು ನಮ್ಮವರೇ ಕೆಲವರು ಹೇಳುತ್ತಾರೆ. ಎರಡೂ ಪೂರ್ತಿ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ತೋಟದ ಕೆಲಸಕ್ಕೆ ಬೆಡ್ಡಿನ ಸವೆತವನ್ನು ಒಂದು ಮಿತಿಯವರೆಗೆ ಸಹಿಸಬಹುದು, ಸ್ಪಿಂಡಲಿನ ದೋಷವನ್ನು ಸಹಿಸಲಾಗದು. ಇವೆರಡನ್ನೂ ಬಲ್ಲ ಏಕೈಕ ಮಾರ್ಗವೆಂದರೆ, ಯಂತ್ರ ನಮ್ಮ ಕಣ್ಣೆದುರಿಗೆ ಕಬ್ಬಿಣ ಕಡೆಯುವವರೆಗೆ ಒಂದು ರೂಪಾಯಿ ಮುಂಗಡವನ್ನೂ ಕೊಡದಿರುವುದು. ಎತ್ತು ಕೊಳ್ಳುವಾಗ ನಮ್ಮ ಹಿರಿಯರು ಹಲ್ಲು ನೋಡುತ್ತಿದ್ದರು, ನಡೆಸಿ ನೋಡುತ್ತಿದ್ದರು, ಕೊನೆಗೆ ನೊಗ ಹೂಡಿಯೂ ನೋಡುತ್ತಿದ್ದರು. ಲೇತಿಗೂ ಅದೇ ನ್ಯಾಯ.

ಮೊದಲು ನಮ್ಮ ಕೆಲಸದ ಲೆಕ್ಕ

ಯಂತ್ರ ನೋಡಲು ಹೊರಡುವ ಮುನ್ನ ಮನೆಯಲ್ಲೇ ಕುಳಿತು ಮಾಡಬೇಕಾದ ಕೆಲಸವೊಂದಿದೆ. ಕಳೆದ ಎರಡು ವರ್ಷಗಳಲ್ಲಿ ಗುಂಪಿನ ಸದಸ್ಯರು ಏನೇನು ಕಡೆಸಿದ್ದಾರೆ, ಎಷ್ಟು ಸಲ, ಎಷ್ಟು ಹಣಕ್ಕೆ ಎಂಬುದನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಬೇಕು. ಜೊತೆಗೆ ಅವುಗಳಲ್ಲಿ ಅತಿ ದಪ್ಪದ್ದು ಯಾವುದು, ಅತಿ ಉದ್ದದ್ದು ಯಾವುದು ಎಂದು ಅಳೆದು ಬರೆಯಬೇಕು. ಪಟ್ಟಿ ಮಾಡಿದರೆ ಸಾಮಾನ್ಯವಾಗಿ ಕಾಣುವುದೇನೆಂದರೆ, ನಮ್ಮ ಕೆಲಸಗಳಲ್ಲಿ ಬಹುಪಾಲು ಗಿಡ್ಡ ಕೆಲಸಗಳು. ಬುಶ್, ಬೇರಿಂಗ್ ಕೂರುವ ಜಾಗ, ಪುಲ್ಲಿಯ ರಂಧ್ರ, ಪಿನ್ನು, ಸ್ಪ್ರೇಯರಿನ ಪ್ಲಂಜರು, ಪೈಪಿನ ನಿಪ್ಪಲ್ ಇತ್ಯಾದಿ. ಪಂಪಿನ ಪೂರ್ತಿ ಶಾಫ್ಟನ್ನು ಹೊಸದಾಗಿ ಕಡೆಯುವಂಥ ಉದ್ದದ ಕೆಲಸ ಅಪರೂಪ.

ನಮ್ಮಲ್ಲಿ ಲೇತನ್ನು ಬೆಡ್ಡಿನ ಉದ್ದದಿಂದ ಗುರುತಿಸುವುದು ವಾಡಿಕೆ. ನಾಲ್ಕೂವರೆ ಅಡಿ, ಆರು ಅಡಿ ಎಂದು ಹೇಳುತ್ತಾರೆ. ಆದರೆ ಇದು ಬೆಡ್ಡಿನ ಒಟ್ಟು ಉದ್ದ. ಹೆಡ್‌ಸ್ಟಾಕು ಮತ್ತು ಟೇಲ್‌ಸ್ಟಾಕು ಕುಳಿತ ಮೇಲೆ ಎರಡು ಸೆಂಟರುಗಳ ನಡುವೆ ಉಳಿಯುವ ಜಾಗ ಅದಕ್ಕಿಂತ ಬಹಳ ಕಡಿಮೆ. ಆದುದರಿಂದ ಆ ನಡುವಿನ ಜಾಗವನ್ನೇ ಟೇಪು ಹಿಡಿದು ಅಳೆಯಬೇಕು. ದೊಡ್ಡ ಪುಲ್ಲಿಗಳ ಕೆಲಸ ಇರುವವರಿಗೆ ಚಕ್ಕಿನ ಮುಂದೆ ಬೆಡ್ಡಿನ ತುಂಡನ್ನು ತೆಗೆಯಲು ಬರುವ ಗ್ಯಾಪ್ ಬೆಡ್ ಅನುಕೂಲ. ಆದರೆ ಹಳೆಯ ಯಂತ್ರಗಳಲ್ಲಿ ಆ ತುಂಡು ಕಳೆದುಹೋಗಿರುವುದುಂಟು, ಅಥವಾ ತೆಗೆದು ಮತ್ತೆ ಸರಿಯಾಗಿ ಕೂರಿಸದೆ ಜೋಡಣೆಯಲ್ಲಿ ಮೆಟ್ಟಿಲು ಉಳಿದಿರುವುದುಂಟು. ಬೆರಳಿನ ಉಗುರನ್ನು ಆ ಸಂದಿನ ಮೇಲೆ ಎಳೆದರೆ ಅದು ತಾನಾಗಿ ತಿಳಿಯುತ್ತದೆ.

ಬಣ್ಣವೂ ಹೆಸರೂ

ಬೆಳ್ಳಗಿರುವುದೆಲ್ಲ ಹಾಲಲ್ಲ. ಹೊಸ ಬಣ್ಣ ಬಳಿದ ಹಳೆಯ ಲೇತನ್ನು ಕಂಡಾಗ ಸಂತೋಷಕ್ಕಿಂತ ಅನುಮಾನವೇ ಮೇಲು. ಎರಕದ ಕಬ್ಬಿಣದ ಬಿರುಕು ಮತ್ತು ಬೆಸುಗೆಯ ಗುರುತುಗಳನ್ನು ಪುಟ್ಟಿ ಹಚ್ಚಿ ಬಣ್ಣದಡಿ ಮುಚ್ಚುವುದು ಸುಲಭ. ಹೆಡ್‌ಸ್ಟಾಕಿನ ಬುಡ, ಕಾಲುಗಳು ಬೆಡ್ಡನ್ನು ಸೇರುವ ಮೂಲೆ, ಕ್ಯಾರೇಜಿನ ಮುಂದಿನ ಪೆಟ್ಟಿಗೆ, ಗೇರುಗಳ ಬಾಗಿಲು — ಈ ಜಾಗಗಳನ್ನು ಟಾರ್ಚ್ ಹಿಡಿದು ನೋಡಬೇಕು. ಹಿಡಿಕೆಗಳು ಮುರಿದು ಹೊಸದಾಗಿ ಹಾಕಿದ್ದರೆ, ಯಂತ್ರ ಸಾಗಣೆಯಲ್ಲಿ ಎಲ್ಲೋ ಬಿದ್ದಿರಬಹುದು ಎಂದು ತಿಳಿದು ಇನ್ನಷ್ಟು ಎಚ್ಚರದಿಂದ ನೋಡಬೇಕು. ಕರಾವಳಿಯ ವರ್ಕ್‌ಶಾಪಿನಲ್ಲಿದ್ದ ಯಂತ್ರವಾದರೆ ಉಪ್ಪುಗಾಳಿಯಿಂದ ಬೆಡ್ಡಿನ ಮೇಲೆ ತುಕ್ಕಿನ ಗುಳಿಗಳು ಬಿದ್ದಿವೆಯೇ ಎಂಬುದನ್ನು ಬೇರೆಯಾಗಿ ಪರೀಕ್ಷಿಸಬೇಕು.

ಹೆಸರಿನ ಬಗ್ಗೆಯೂ ಎರಡು ಮಾತು. ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಮತ್ತು ಬೆಂಗಳೂರಿನಲ್ಲಿ 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಯೋಗದೊಂದಿಗೆ ಆರಂಭವಾದ ಎಚ್.ಎಂ.ಟಿ., ಇವೆರಡೂ ನಮ್ಮ ನಾಡಿನಲ್ಲಿ ಒಳ್ಳೆಯ ಲೇತುಗಳನ್ನು ಮಾಡಿ ಹೆಸರು ಪಡೆದವು. ಅವುಗಳ ಎರಕ ಗಟ್ಟಿ, ಗೇರು ಗಟ್ಟಿ. ಆದರೆ ಹೆಸರು ಯಂತ್ರದ ಹುಟ್ಟನ್ನು ಹೇಳುತ್ತದೆಯೇ ಹೊರತು ಅದು ಬಾಳಿದ ಬಾಳನ್ನು ಹೇಳುವುದಿಲ್ಲ. ಮೂರು ಪಾಳಿಯಲ್ಲಿ ಎಣ್ಣೆಯಿಲ್ಲದೆ ದುಡಿದ ಹೆಸರುವಾಸಿ ಯಂತ್ರಕ್ಕಿಂತ, ತರಬೇತಿ ಶಾಲೆಯಲ್ಲಿ ಅಷ್ಟಿಷ್ಟು ಓಡಿದ ಬಟಾಲಾ ಅಥವಾ ರಾಜಕೋಟೆಯ ಸಾಧಾರಣ ಯಂತ್ರ ನಮಗೆ ಮೇಲಾಗಬಹುದು. ಮೇಲಾಗಿ ಹರಿಹರದ ಕಾರ್ಖಾನೆ ಈ ಶತಮಾನದ ಆರಂಭದ ಹೊತ್ತಿಗೇ ಮುಚ್ಚಿತು. ಅದರ ಲೇತಿಗೆ ಗೇರು ಮುರಿದರೆ ತಯಾರಕರಿಂದ ತರಿಸುವ ಹಾದಿಯಿಲ್ಲ, ಹಳೆಯ ಯಂತ್ರದಿಂದ ಬಿಚ್ಚಿದ್ದನ್ನು ಹುಡುಕಬೇಕು ಇಲ್ಲವೇ ಹೊಸದಾಗಿ ಮಾಡಿಸಬೇಕು.

ಸ್ಪಿಂಡಲಿಗೆ ಮೊದಲ ಸ್ಥಾನ

ಹೆಡ್‌ಸ್ಟಾಕಿನೊಳಗೆ ತಿರುಗುತ್ತ ಚಕ್ಕನ್ನು ಹೊತ್ತಿರುವ ಟೊಳ್ಳು ದಂಡವೇ ಸ್ಪಿಂಡಲ್. ಅದು ಅಲುಗಿದರೆ ಅಥವಾ ಡೊಂಕಾಗಿದ್ದರೆ ನಾವು ಹಿಡಿಯುವ ಪ್ರತಿಯೊಂದು ಕೆಲಸದಲ್ಲೂ, ಅದು ಬೆರಳುದ್ದದ ಬುಶ್ ಆಗಿರಲಿ ಮಾರುದ್ದದ ಶಾಫ್ಟಾಗಿರಲಿ, ಆ ದೋಷ ಇಳಿಯುತ್ತದೆ. ಬುಶ್ ದುಂಡಗೆ ಬರುವುದಿಲ್ಲ, ಮೈಮೇಲೆ ಅಲೆಅಲೆಯಾದ ಗುರುತು ಬೀಳುತ್ತದೆ. ಇಂಥ ಬುಶ್ಶನ್ನು ಪಲ್ಪರಿಗೆ ಹಾಕಿದರೆ ಅದು ಶಾಫ್ಟನ್ನೂ ತಿನ್ನುತ್ತದೆ.

ಪರೀಕ್ಷೆಗೆ ಬೇಕಾದುದು ಕಾಂತದ ಪೀಠವಿರುವ ಒಂದು ಡಯಲ್ ಗೇಜು. ಅದರ ಒಂದು ಗೆರೆ ಎಂದರೆ ಒಂದು ಮಿಲ್ಲಿಮೀಟರಿನ ನೂರನೇ ಒಂದು ಪಾಲು. ನಮ್ಮ ತಲೆಗೂದಲಿನ ದಪ್ಪವೇ ಸಾಮಾನ್ಯವಾಗಿ ಇಂಥ ಐದರಿಂದ ಹತ್ತು ಗೆರೆಗಳಷ್ಟಿರುತ್ತದೆ. ಚಕ್ಕನ್ನು ಬಿಚ್ಚಿಸಿ, ಸ್ಪಿಂಡಲಿನ ಮೂತಿಯ ನುಣುಪಾದ ಭಾಗಕ್ಕೆ ಗೇಜಿನ ಮುಳ್ಳನ್ನು ತಾಗಿಸಿ, ಕೈಯಿಂದ ನಿಧಾನವಾಗಿ ಒಂದು ಸುತ್ತು ತಿರುಗಿಸಬೇಕು. ಯಂತ್ರಗಳ ನಿಖರತೆಯನ್ನು ಅಳೆಯುವ ಕ್ರಮವನ್ನು ಜರ್ಮನಿಯ ಪ್ರಾಧ್ಯಾಪಕ ಗೆಯೋರ್ಗ್ ಶ್ಲೆಸಿಂಗರ್ ಅವರು 1927ರಲ್ಲಿ ಪುಸ್ತಕರೂಪದಲ್ಲಿ ಹೊರತಂದರು. ಆ ಪರಂಪರೆಯ ಪ್ರಕಾರ ಸಾಮಾನ್ಯ ಲೇತಿನ ಸ್ಪಿಂಡಲ್ ಮೂತಿಗೆ ಅನುಮತಿಸುವ ಓಲಾಟ ಒಂದು ಗೆರೆ. ಹಳೆಯ ಯಂತ್ರದಲ್ಲಿ ಎರಡು ಗೆರೆ ಕಂಡರೆ ತೋಟದ ಕೆಲಸಕ್ಕೆ ಒಪ್ಪಬಹುದು. ಐದಾರು ಗೆರೆ ಕಂಡರೆ, ಮತ್ತು ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ ಕಂಡರೆ, ಸ್ಪಿಂಡಲೇ ಪೆಟ್ಟು ತಿಂದು ಬಾಗಿದೆಯೆಂದು ತಿಳಿಯಬೇಕು. ಅಂಥದನ್ನು ಅಲ್ಲಿಯೇ ಬಿಟ್ಟುಬರುವುದು ಕ್ಷೇಮ.

ಆಮೇಲೆ ಚಕ್ಕನ್ನು ಕೂರಿಸಿ, ಎರಡಡಿ ಉದ್ದದ ಗಟ್ಟಿ ಸರಳನ್ನು ಅದರಲ್ಲಿ ಬಿಗಿಯಬೇಕು. ಗೇಜಿನ ಮುಳ್ಳನ್ನು ಸರಳಿಗೆ ತಾಗಿಸದೆ ಚಕ್ಕಿನ ಹಿಂದಿರುವ ಸ್ಪಿಂಡಲಿನ ಭಾಗಕ್ಕೆ ತಾಗಿಸಿ, ಸರಳನ್ನು ಮೇಲಕ್ಕೆ ಮೀಟಬೇಕು. ಮುಳ್ಳು ಒಂದೆರಡು ಗೆರೆ ಸರಿದು ಹಿಂದಿರುಗಿದರೆ ಸರಿ. ಬಹಳ ಸರಿದರೆ ಬೇರಿಂಗು ಸಡಿಲವಾಗಿದೆ. ಇದು ಬಿಗಿಮಾಡಿದರೆ ಸರಿಹೋಗುವ ಸಡಿಲವೂ ಆಗಿರಬಹುದು, ಬೇರಿಂಗೇ ಸವೆದದ್ದೂ ಆಗಿರಬಹುದು. ಮಾರುವವರಿಂದಲೇ ಬಿಗಿಮಾಡಿಸಿ ಮತ್ತೆ ಮೀಟಿ ನೋಡಬೇಕು. ಬಿಗಿಮಾಡಿದ ಮೇಲೆ ಅರ್ಧ ಗಂಟೆ ಜೋರಾದ ವೇಗದಲ್ಲಿ ಓಡಿಸಿ, ಹೆಡ್‌ಸ್ಟಾಕಿನ ಬೇರಿಂಗ್ ಇರುವ ಜಾಗದ ಮೇಲೆ ಅಂಗೈ ಇಡಬೇಕು. ಬೆಚ್ಚಗಿದ್ದರೆ ಚಿಂತೆಯಿಲ್ಲ, ಕೈ ಇಡಲಾಗದಷ್ಟು ಸುಟ್ಟರೆ ಬಿಗಿಮಾಡಿ ದೋಷವನ್ನು ಅಡಗಿಸಿದ್ದಾರೆಂದೇ ಅರ್ಥ.

ಆಲ್ ಗೇರ್ ಲೇತಾದರೆ ಪ್ರತಿಯೊಂದು ವೇಗಕ್ಕೂ ಹಾಕಿ ಕಿವಿಗೊಡಬೇಕು. ಒಂದು ವೇಗದಲ್ಲಿ ಮಾತ್ರ ಟಕ್ ಟಕ್ ಎಂದರೆ ಆ ಗೇರಿನ ಹಲ್ಲು ಮುರಿದಿದೆ. ಓಡಿಸುವ ಮುಂಚೆಯೇ ಎಣ್ಣೆಯ ಬಿರಡೆ ಬಿಚ್ಚಿಸಿ ಒಂದಿಷ್ಟನ್ನು ಬಿಳಿಯ ಬಟ್ಟೆಯ ಮೇಲೆ ಸುರಿದು ನೋಡುವುದು ಒಳ್ಳೆಯದು. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಮಿರಿಮಿರಿ ಮಿಂಚುವ ಪುಡಿಯಿದ್ದರೆ ಲೋಹ ಸವೆಯುತ್ತಿದೆ. ಎಣ್ಣೆಯ ಬದಲು ಮಂದವಾದ ಗ್ರೀಸು ತುಂಬಿದ್ದರೆ ಸದ್ದು ಅಡಗಿಸುವ ಉಪಾಯವಿರಬಹುದು.

ಬೆಡ್ಡಿನ ಸವೆತ: ಎಷ್ಟು ಸಹಿಸಬಹುದು?

ಕ್ಯಾರೇಜು ಹೆಚ್ಚಾಗಿ ಓಡಾಡುವುದು ಚಕ್ಕಿನ ಹತ್ತಿರ. ಆದುದರಿಂದ ಬೆಡ್ಡು ಅಲ್ಲಿ ಹೆಚ್ಚು ಸವೆಯುತ್ತದೆ, ಟೇಲ್‌ಸ್ಟಾಕಿನ ಕೊನೆಯಲ್ಲಿ ಬಹುತೇಕ ಹೊಸದಾಗಿಯೇ ಉಳಿದಿರುತ್ತದೆ. ಇದನ್ನು ಅರಿಯಲು ಉಪಕರಣವೂ ಬೇಡ. ಚಕ್ಕಿನ ಹತ್ತಿರ ಕ್ಯಾರೇಜನ್ನು ನಿಲ್ಲಿಸಿ, ಅದನ್ನು ಬೆಡ್ಡಿಗೆ ಬಿಗಿಯುವ ಬೋಲ್ಟನ್ನು ಸ್ವಲ್ಪ ಜಿಗುಟಾಗುವಷ್ಟೇ ಬಿಗಿಮಾಡಿ, ಹಾಗೆಯೇ ಕೈಚಕ್ರದಿಂದ ಟೇಲ್‌ಸ್ಟಾಕಿನ ಕಡೆಗೆ ಓಡಿಸಬೇಕು. ಹೋಗುತ್ತ ಹೋಗುತ್ತ ಬಿಗಿಯಾಗಿ ನಿಂತೇಬಿಟ್ಟರೆ ಸವೆತ ಬಹಳವಿದೆ. ಬೆಡ್ಡಿನ ಅಂಚಿನಲ್ಲಿ ಕ್ಯಾರೇಜು ತಾಗದ ಪಟ್ಟಿಯೊಂದು ಸವೆಯದೆ ಉಳಿದಿರುತ್ತದೆ. ಅಲ್ಲಿಂದ ಸವೆದ ಭಾಗಕ್ಕೆ ಉಗುರು ಎಳೆದರೆ ಮೆಟ್ಟಿಲು ಸಿಗುತ್ತದೆಯೇ ನೋಡಬೇಕು. ಬೆಡ್ಡಿನ ಮೇಲೆ ಎಮರಿ ಕಾಗದ ಉಜ್ಜಿದ ಹೊಸ ಗೀರುಗಳಿದ್ದರೆ ಹೊಳಪು ಕೊಟ್ಟು ಮಾರಲು ಹೊರಟಿದ್ದಾರೆಂದು ತಿಳಿಯಬೇಕು.

ಈ ಸವೆತದಿಂದ ಆಗುವುದೇನು? ಕಡೆದ ದಂಡ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ಸಣ್ಣ ಆಗುತ್ತದೆ. ಇದನ್ನೇ ಟೇಪರ್ ಎನ್ನುವುದು. ಇಲ್ಲಿ ಒಂದು ಚಿಕ್ಕ ಲೆಕ್ಕ ಮಾಡೋಣ. ನಮ್ಮ ಪಂಪು, ಮೋಟಾರುಗಳಲ್ಲಿ ಸಾಮಾನ್ಯವಾಗಿ ಸಿಗುವ 6205 ನಂಬರಿನ ಬೇರಿಂಗಿನ ಒಳವ್ಯಾಸ 25 ಮಿಲ್ಲಿಮೀಟರ್, ಅಗಲ 15 ಮಿಲ್ಲಿಮೀಟರ್. ಲೇತು 150 ಮಿಲ್ಲಿಮೀಟರ್ ಉದ್ದಕ್ಕೆ ಐದು ಗೆರೆ, ಅಂದರೆ 0.05 ಮಿಲ್ಲಿಮೀಟರ್ ಟೇಪರ್ ಕೊಡುತ್ತದೆಂದು ಇಟ್ಟುಕೊಳ್ಳಿ. ಆ ಟೇಪರ್ ಉದ್ದಕ್ಕೂ ಸಮವಾಗಿದ್ದರೆ ಬೇರಿಂಗ್ ಕೂರುವ 15 ಮಿಲ್ಲಿಮೀಟರ್ ಜಾಗದಲ್ಲಿ ಅದರ ಹತ್ತನೇ ಒಂದು ಪಾಲು ಮಾತ್ರ, ಅಂದರೆ 0.005 ಮಿಲ್ಲಿಮೀಟರ್, ವ್ಯತ್ಯಾಸ ಬರುತ್ತದೆ. ನಮ್ಮ ಕೆಲಸಕ್ಕೆ ಅದು ಲೆಕ್ಕಕ್ಕೆ ಬಾರದು. ಆದರೆ ಅದೇ ಲೇತಿನಲ್ಲಿ 600 ಮಿಲ್ಲಿಮೀಟರಿನ ಶಾಫ್ಟನ್ನು ಕಡೆದರೆ ತುದಿಯಿಂದ ತುದಿಗೆ 0.2 ಮಿಲ್ಲಿಮೀಟರ್ ವ್ಯತ್ಯಾಸ ಬಂದೀತು. ಅದು ಕೆಲಸಕ್ಕೆ ಬಾರದ ಶಾಫ್ಟು.

ಆದುದರಿಂದಲೇ ಬೆಡ್ಡು ಸವೆದ ಲೇತನ್ನು ಕಣ್ಣುಮುಚ್ಚಿ ತಿರಸ್ಕರಿಸುವುದು ಬೇಡವೆನ್ನುತ್ತೇನೆ. ಎಷ್ಟು ಸವೆದಿದೆ ಎಂದು ಅಳೆದು, ಆ ಯಂತ್ರ ಯಾವ ಕೆಲಸಕ್ಕೆ ಆದೀತು, ಯಾವುದಕ್ಕೆ ಆಗದು ಎಂದು ಬರೆದುಕೊಂಡು, ಬೆಲೆಯನ್ನು ಅದರಂತೆ ಕಟ್ಟಬೇಕು. “ಮುಂದೆ ಬೆಡ್ಡು ಗ್ರೈಂಡಿಂಗ್ ಮಾಡಿಸಿಕೊಂಡರಾಯಿತು” ಎಂಬ ಮಾರುವವರ ಮಾತಿಗೆ ಮಾತ್ರ ಮರುಳಾಗಬಾರದು. ಅದಕ್ಕೆ ಯಂತ್ರವನ್ನು ಪೂರ್ತಿ ಬಿಚ್ಚಿ ಪಟ್ಟಣಕ್ಕೆ ಒಯ್ಯಬೇಕು. ಬೆಡ್ಡನ್ನು ಉಜ್ಜಿದಷ್ಟೂ ಕ್ಯಾರೇಜು ಕೆಳಗಿಳಿಯುವುದರಿಂದ ಅದನ್ನು ಮತ್ತೆ ಎತ್ತರಿಸಿ ಲೀಡ್ ಸ್ಕ್ರೂಗೆ ಹೊಂದಿಸಬೇಕು. ಅಗ್ಗದಲ್ಲಿ ಕೊಂಡ ಲೇತಿಗೆ ಆ ಖರ್ಚು ಸೇರಿದರೆ ಅಗ್ಗವೆಂಬುದು ಉಳಿಯುವುದಿಲ್ಲ.

ಥ್ರೆಡ್ಡು ಮತ್ತು ಬದಲಿ ಗೇರುಗಳು

ನಮ್ಮ ತೋಟಗಳಲ್ಲಿ ಎರಡು ಕಾಲದ ಯಂತ್ರಗಳು ಒಟ್ಟಿಗೇ ದುಡಿಯುತ್ತಿವೆ. ಹಳೆಯ ಪಲ್ಪರು, ಹಳೆಯ ಎಂಜಿನ್ನುಗಳಲ್ಲಿ ಇಂಚಿನ ಲೆಕ್ಕದ ವಿಟ್‌ವರ್ತ್ ಥ್ರೆಡ್ಡು ಇದೆ. 1956ರ ತೂಕ-ಅಳತೆಗಳ ಕಾಯಿದೆಯ ನಂತರ ದೇಶ ಮೆಟ್ರಿಕ್ ಪದ್ಧತಿಗೆ ಸರಿಯಿತಾದ್ದರಿಂದ ಈಚಿನ ಯಂತ್ರಗಳಲ್ಲಿ ಮಿಲ್ಲಿಮೀಟರಿನ ಥ್ರೆಡ್ಡು. ಆದರೆ ನೀರಾವರಿ ಪೈಪಿನ ಥ್ರೆಡ್ಡು ಇಂದಿಗೂ ಇಂಚಿನದೇ. ಒಂದಿಂಚು ಪೈಪಿಗೆ ಇಂಚಿಗೆ 11 ಸುತ್ತು, ಅರ್ಧ ಮತ್ತು ಮುಕ್ಕಾಲು ಇಂಚಿನದಕ್ಕೆ 14 ಸುತ್ತು. ಹೀಗೆ ನಮಗೆ ಎರಡೂ ಬೇಕು.

ಇಂಚಿನ ಲೀಡ್ ಸ್ಕ್ರೂ ಇರುವ ಹಳೆಯ ಲೇತಿನಲ್ಲಿ ಮೆಟ್ರಿಕ್ ಥ್ರೆಡ್ಡನ್ನು ನಿಖರವಾಗಿ ಹಾಕಲು 127 ಹಲ್ಲಿನ ಗೇರು ಬೇಕಾಗುತ್ತದೆ. ಒಂದಿಂಚು ಎಂದರೆ 25.4 ಮಿಲ್ಲಿಮೀಟರ್, ಅದರ ಐದರಷ್ಟು 127 ಎಂಬುದೇ ಇದರ ಗುಟ್ಟು. ಮಾರುವವರನ್ನು “ಬದಲಿ ಗೇರುಗಳೆಲ್ಲ ಇವೆಯೇ?” ಎಂದು ಕೇಳಿದರೆ ಇವೆಯೆಂದೇ ಹೇಳುತ್ತಾರೆ. ಯಂತ್ರಕ್ಕೆ ಅಂಟಿಸಿದ ಥ್ರೆಡ್ಡಿನ ಪಟ್ಟಿಯನ್ನು ಓದಿ, ಅದರಲ್ಲಿ ಹೇಳಿದ ಪ್ರತಿಯೊಂದು ಗೇರಿನ ಹಲ್ಲನ್ನು ಎಣಿಸಿ, ಇದೆಯೋ ಇಲ್ಲವೋ ಗುರುತು ಹಾಕಿಕೊಳ್ಳಬೇಕು. ಲೀಡ್ ಸ್ಕ್ರೂವನ್ನು ಹಿಡಿಯುವ ಹಾಫ್ ನಟ್ಟನ್ನು ಹಾಕಿ ಕ್ಯಾರೇಜನ್ನು ಮುಂದಕ್ಕೂ ಹಿಂದಕ್ಕೂ ತಳ್ಳಿ ನೋಡಬೇಕು. ಹೆಚ್ಚು ಅಲುಗಿದರೆ ನಟ್ಟು ಸವೆದಿದೆ. ನಟ್ಟನ್ನು ಬದಲಿಸಬಹುದು, ಲೀಡ್ ಸ್ಕ್ರೂವೇ ತೆಳ್ಳಗಾಗಿದ್ದರೆ ಖರ್ಚು ಹೆಚ್ಚು. ಕ್ರಾಸ್ ಸ್ಲೈಡಿನ ಹಿಡಿಕೆಯನ್ನು ಹಿಂದಕ್ಕೆ ತಿರುಗಿಸಿದಾಗ ಕಾಲು ಸುತ್ತು ಖಾಲಿ ತಿರುಗಿದರೆ ಗಾಬರಿಯಾಗಬೇಕಿಲ್ಲ. ಹಳೆಯ ಯಂತ್ರದಲ್ಲಿ ಇದು ಇದ್ದದ್ದೇ, ಕೈ ಪಳಗಿದ ಟರ್ನರ್ ಅದನ್ನು ನಿಭಾಯಿಸಬಲ್ಲ.

ಮೂರು ದವಡೆಯ ಚಕ್ಕು, ನಾಲ್ಕು ದವಡೆಯ ಚಕ್ಕು, ಉದ್ದದ ಕೆಲಸಕ್ಕೆ ಆಸರೆ ಕೊಡುವ ಸ್ಟೆಡಿ, ಫೇಸ್ ಪ್ಲೇಟು, ಟೂಲ್ ಪೋಸ್ಟು — ಇವನ್ನು ಆಮೇಲೆ ಒಂದೊಂದಾಗಿ ಕೊಳ್ಳಹೊರಟರೆ ದುಬಾರಿ. ಮಾತಿನಲ್ಲಿ ಸೇರಿದ್ದು ಲಾರಿಯಲ್ಲಿ ಸೇರದಿರುವುದೂ ಉಂಟು. ಪಟ್ಟಿ ಬರೆದು ಸಹಿ ಹಾಕಿಸಿಕೊಳ್ಳುವುದು ಮೇಲು.

ಕಡೆದು ನೋಡುವುದು

ಇಷ್ಟೆಲ್ಲ ನೋಡಿದ ಮೇಲೂ ಕೊನೆಯ ತೀರ್ಪು ಯಂತ್ರದ್ದೇ. ಸುಮಾರು 40 ಮಿಲ್ಲಿಮೀಟರ್ ದಪ್ಪದ ಮೆದು ಉಕ್ಕಿನ ಸರಳನ್ನು ನಾವೇ ಒಯ್ಯಬೇಕು. ಅದನ್ನು ಚಕ್ಕಿನಿಂದ 150 ಮಿಲ್ಲಿಮೀಟರಿನಷ್ಟು ಹೊರಗೆ ಬಿಟ್ಟು, ಟೇಲ್‌ಸ್ಟಾಕಿನ ಆಸರೆಯಿಲ್ಲದೆ, ಹರಿತವಾದ ಟೂಲಿನಿಂದ ತೆಳ್ಳಗೆ ಒಂದು ಸಲ ಕಡೆಸಬೇಕು. ಎರಡು ತುದಿಗಳನ್ನೂ ನಡುವನ್ನೂ ಮೈಕ್ರೋಮೀಟರಿನಿಂದ ಅಳೆದರೆ ಟೇಪರ್ ಎಷ್ಟೆಂದು ತಿಳಿಯುತ್ತದೆ. ಯಂತ್ರವನ್ನು ಮಟ್ಟಸವಾಗಿ ಕೂರಿಸದಿದ್ದರೆ ಬೆಡ್ಡು ತಿರುಚಿಕೊಂಡು ಇದೇ ದೋಷ ಕಾಣುತ್ತದೆಂದು ಮಾರುವವರು ಹೇಳಬಹುದು. ಆ ಮಾತು ನಿಜವೂ ಹೌದು. ಹಾಗಿದ್ದರೆ ಕಾಲುಗಳಡಿ ತಗಡು ಕೊಟ್ಟು ಮಟ್ಟ ಮಾಡಿ ಇನ್ನೊಮ್ಮೆ ಕಡೆದು ತೋರಿಸಲಿ. ನಿಜವನ್ನು ಹೇಳುವವರು ಅರ್ಧ ಗಂಟೆ ದುಡಿಯಲು ಹಿಂಜರಿಯುವುದಿಲ್ಲ.

ಎರಡನೆಯದಾಗಿ, ಅದೇ ಸರಳನ್ನು ಚಕ್ಕಿನ ಹತ್ತಿರ ಪಾರ್ಟಿಂಗ್ ಟೂಲಿನಿಂದ ಕತ್ತರಿಸಿ ಬೇರ್ಪಡಿಸಲಿ. ಲೇತಿನ ಎಲ್ಲ ಸಡಿಲವೂ ಬಯಲಿಗೆ ಬರುವುದು ಈ ಕೆಲಸದಲ್ಲಿ. ಟೂಲು ಹರಿತವಾಗಿದ್ದು ಸರಿಯಾದ ಎತ್ತರದಲ್ಲಿದ್ದರೂ ಯಂತ್ರ ನಡುಗಿ ಕೂಗಿಕೊಂಡರೆ ಸ್ಪಿಂಡಲಿನಲ್ಲೋ ಸ್ಲೈಡುಗಳಲ್ಲೋ ದೋಷವಿದೆ. ಮೂರನೆಯದಾಗಿ, ಚಿಕ್ಕದೊಂದು ಥ್ರೆಡ್ಡು ಹಾಕಿಸಿ ನಮ್ಮದೇ ನಟ್ಟನ್ನು ಏರಿಸಿ ನೋಡಬೇಕು. ಈ ಮೂರಕ್ಕೆ ಎರಡು ಗಂಟೆ ಸಾಕು. “ಕರೆಂಟಿಲ್ಲ, ಮೋಟಾರು ಬಿಚ್ಚಿಟ್ಟಿದೆ, ಆದರೆ ಯಂತ್ರ ಚೆನ್ನಾಗಿದೆ” ಎನ್ನುವವರಿಗೆ ನಮ್ಮ ಉತ್ತರ ಒಂದೇ: ಕರೆಂಟು ಬಂದ ದಿನ ಬರುತ್ತೇವೆ. ಅದು ಸಾಧ್ಯವೇ ಇಲ್ಲದ ಹರಾಜಿನ ಯಂತ್ರವಾದರೆ ಗುಜರಿಯ ಬೆಲೆಗಿಂತ ಹೆಚ್ಚು ಕೂಗಬಾರದು. ಮೊಬೈಲಿನಲ್ಲಿ ಬಂದ ಚಿತ್ರವನ್ನೋ ವಿಡಿಯೋವನ್ನೋ ನೋಡಿ ಮುಂಗಡ ಕಳಿಸುವುದಂತೂ ಎಮ್ಮೆಯನ್ನು ನೀರಿನಲ್ಲಿಟ್ಟು ದಡದಲ್ಲಿ ಬೆಲೆ ಕಟ್ಟಿದ ಹಾಗೆ.

ತರುವುದು, ಕೂರಿಸುವುದು, ಕಾಪಾಡುವುದು

ಯಂತ್ರದ ಬೆಲೆಯೇ ಒಟ್ಟು ಖರ್ಚಲ್ಲ. ಬಿಲ್ಲು ಇಲ್ಲದ ಯಂತ್ರವನ್ನೂ, ಬ್ಯಾಂಕಿನ ಸಾಲಕ್ಕೆ ಅಡವಾಗಿರುವ ಯಂತ್ರವನ್ನೂ ಕೊಳ್ಳಬಾರದು. ಆರಡಿ ಲೇತು ಒಂದು ಟನ್ನಿನ ಆಸುಪಾಸು ತೂಗಬಹುದು, ಅದರ ಭಾರವೆಲ್ಲ ಮೇಲ್ಭಾಗದಲ್ಲಿ ಮತ್ತು ಹೆಡ್‌ಸ್ಟಾಕಿನ ಕಡೆಗೆ. ಘಾಟಿಯ ತಿರುವುಗಳಲ್ಲಿ ಉರುಳದಂತೆ ಕಟ್ಟಬೇಕು. ಎತ್ತುವಾಗ ಹಗ್ಗವನ್ನು ಲೀಡ್ ಸ್ಕ್ರೂಗೆ ತಾಗದಂತೆ ಬೆಡ್ಡಿಗೇ ಹಾಕಿ, ಕ್ಯಾರೇಜನ್ನು ಟೇಲ್‌ಸ್ಟಾಕಿನ ಕಡೆ ಸರಿಸಿ ಸಮತೂಕ ಮಾಡಬೇಕು.

ಮೋಟಾರು ಸಾಮಾನ್ಯವಾಗಿ ಮೂರು ಫೇಸಿನದು. ನೀರಾವರಿ ಪಂಪಿಗೆಂದು ಪಡೆದ ಸಂಪರ್ಕದಿಂದ ಲೇತು ನಡೆಸುವುದು ನಿಯಮಕ್ಕೆ ವಿರುದ್ಧ, ಅದಕ್ಕೆ ಬೇರೆಯೇ ಸಂಪರ್ಕ ಪಡೆಯಬೇಕು. ಸಿಂಗಲ್ ಫೇಸಿನಿಂದ ಚಿಕ್ಕ ಮೂರು ಫೇಸ್ ಮೋಟಾರನ್ನು ನಡೆಸುವ ವಿ.ಎಫ್.ಡಿ. ಸಾಧನಗಳು ಈಗ ದೊರೆಯುತ್ತವೆ. ಆ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಇನ್ನು ನಮ್ಮ ಮಲೆನಾಡಿನ ಮಳೆಗಾಲದ ತೇವದಲ್ಲಿ ಎಣ್ಣೆ ಒರೆಸದೆ ಬಿಟ್ಟ ಬೆಡ್ಡು ಕೆಲವೇ ದಿನಗಳಲ್ಲಿ ಕೆಂಪಾಗುತ್ತದೆ. ಬೋರ್ಡೋ ದ್ರಾವಣಕ್ಕೆಂದು ತಂದ ಮೈಲುತುತ್ತದ ಚೀಲ, ಗೊಬ್ಬರದ ಚೀಲಗಳಿರುವ ಕೊಟ್ಟಿಗೆಯಲ್ಲಿ ಲೇತನ್ನು ಇಡಲೇಬಾರದು. ಅವೆರಡೂ ತೇವದೊಡನೆ ಸೇರಿ ಕಬ್ಬಿಣವನ್ನು ತಿನ್ನುತ್ತವೆ.

ಯಾರ ಕೈಗೆ?

ಇಲ್ಲಿಯವರೆಗೆ ಯಂತ್ರದ ಮಾತಾಯಿತು. ಅದಕ್ಕಿಂತ ಮುಖ್ಯವಾದದ್ದು ಅದನ್ನು ನಡೆಸುವ ಕೈ. ಟರ್ನರ್ ಇಲ್ಲದ ಲೇತು ಮಾವುತನಿಲ್ಲದ ಆನೆ. ಯಾರು ಅದರ ಮುಂದೆ ನಿಲ್ಲುತ್ತಾರೋ ಅವರೇ ಕೊಳ್ಳುವ ಮುನ್ನ ಅದನ್ನು ಪರೀಕ್ಷಿಸಬೇಕು. ಐ.ಟಿ.ಐ.ನಲ್ಲಿ ಟರ್ನರ್ ವಿದ್ಯೆ ಕಲಿತು ಪಟ್ಟಣ ಸೇರಿದ ಹುಡುಗರು, ಕಾರ್ಖಾನೆಯಿಂದ ನಿವೃತ್ತರಾಗಿ ಊರಿಗೆ ಮರಳಿದ ಹಿರಿಯರು ನಮ್ಮ ಮನೆಗಳಲ್ಲೇ ಇದ್ದಾರೆ. ಅಂಥವರೊಬ್ಬರು ಒಪ್ಪಿ ಬರುವವರೆಗೆ ಲೇತಿನ ಮಾತು ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಪಂಚೆ ಉಟ್ಟು, ಹೆಗಲ ಮೇಲೆ ಟವೆಲು ಹಾಕಿಕೊಂಡು ತಿರುಗುವ ಚಕ್ಕಿನ ಹತ್ತಿರ ಬಾಗುವುದು ಪ್ರಾಣಕ್ಕೆ ಸಂಚಕಾರ. ಚಕ್ಕಿನಲ್ಲೇ ಮರೆತು ಬಿಟ್ಟ ಕೀಲಿ, ಮೋಟಾರು ಹಾಕಿದ ಕೂಡಲೇ ಗುಂಡಿನಂತೆ ಹಾರುತ್ತದೆ. ಅಂಗಳದ ಮಕ್ಕಳು ಒಳಬಾರದಂತೆ ಬಾಗಿಲು, ಕೈಗೆ ಎಟಕುವ ನಿಲುಗಡೆಯ ಸ್ವಿಚ್ಚು ಇವಿಲ್ಲದೆ ಯಂತ್ರ ಓಡಿಸಬಾರದು.

ಒಬ್ಬ ಸಣ್ಣ ಬೆಳೆಗಾರನ ಕೆಲಸ ಲೇತಿಗೆ ಸಾಲದು, ಅವನ ಹಣವೂ ಸಾಲದು. ಅಡಿಕೆ ಬೆಲೆ ನೆಲಕಚ್ಚಿದ ದಿನಗಳ ನಂತರ 1973ರಲ್ಲಿ ಬೆಳೆಗಾರರು ಸೇರಿ ಕ್ಯಾಂಪ್ಕೊವನ್ನು ಕಟ್ಟಿದ್ದು, ಒಬ್ಬರಿಂದಾಗದ್ದು ಹಲವರಿಂದ ಆದೀತೆಂಬ ನಂಬಿಕೆಯಿಂದ. ಲೇತು ಅದರ ಮುಂದೆ ಚಿಕ್ಕ ವಿಷಯವೇ, ಆದರೂ ನ್ಯಾಯ ಅದೇ.

ಆದುದರಿಂದ ನಮ್ಮ ಸಂಘದ ಆಡಳಿತ ಮಂಡಳಿಯಲ್ಲಿ ಎರಡು ಕೋರಿಕೆಗಳನ್ನು ಇಡುತ್ತೇನೆ. ಒಂದು, ಕಾಂತದ ಪೀಠದ ಡಯಲ್ ಗೇಜು, ಮೈಕ್ರೋಮೀಟರು, ಮಟ್ಟಗೋಲು ಮತ್ತು 40 ಮಿಲ್ಲಿಮೀಟರಿನ ಒಂದು ಸರಳನ್ನು ಪೆಟ್ಟಿಗೆಯಲ್ಲಿಟ್ಟು, ಯಂತ್ರ ನೋಡಲು ಹೋಗುವ ಸದಸ್ಯರಿಗೆ ಎರವಲು ಕೊಡುವ ವ್ಯವಸ್ಥೆ ಮಾಡಬೇಕು. ಎರಡು, ಸದಸ್ಯರ ಕುಟುಂಬಗಳಲ್ಲಿರುವ ಟರ್ನರುಗಳ ಪಟ್ಟಿಯೊಂದನ್ನು ಕಚೇರಿಯಲ್ಲಿಡಬೇಕು. ಇವೆರಡಕ್ಕೆ ತಗಲುವ ಖರ್ಚು ಕೆಟ್ಟ ಲೇತೊಂದರ ಬೆಲೆಯ ಮುಂದೆ ಏನೂ ಅಲ್ಲ. ಬೆಳೆಗಾರ ಬಾಂಧವರು ಈ ವಿಷಯವನ್ನು ಬರುವ ಮಹಾಸಭೆಯಲ್ಲಿ ಚರ್ಚೆಗೆ ತರುವರೆಂದು ನಂಬಿದ್ದೇನೆ.